ಕೈಲ್‌ಪೊಳ್ದ್ ಬಂತೆಂದರೆ ತೆಂಗಿನಕಾಯಿಗೆ ಗುಂಡು: ಕೊಡಗಿನ ಕೋವಿ ಸ್ಪರ್ಧೆಯ ಹಿಂದಿನ ಕಥೆ

ನಾಟಿ ಕೆಲಸ ಮುಗಿದು ಗದ್ದೆ ಹಸಿರಾಗುವ ಹೊತ್ತಿಗೆ ಕೊಡಗಿನ ಊರೂರಿನ ಮೈದಾನಗಳಲ್ಲಿ ಕೋವಿಯ ಸದ್ದು ಕೇಳಿಸತೊಡಗುತ್ತದೆ. ಅದು ಬೇಟೆಯ ಸದ್ದಲ್ಲ. ದೂರದಲ್ಲಿಟ್ಟ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯದು. ಗೆದ್ದವರಿಗೆ ಬಹುಮಾನ, ತಪ್ಪಿದವರಿಗೆ ನೆಂಟರಿಷ್ಟರ ತಮಾಷೆ. ಹೊರಗಿನವರಿಗೆ ಇದೊಂದು ಮೋಜಿನ ಆಟದಂತೆ ಕಂಡರೂ ಇದರ ಹಿಂದೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ಕಾನೂನಿನ ಕಥೆಯಿದೆ. 2029ಕ್ಕೆ ಆ ಕಥೆ ಮತ್ತೊಂದು ತಿರುವಿಗೆ ಬಂದು ನಿಲ್ಲಲಿದೆ.

ಏನಿದು ಕೈಲ್‌ಪೊಳ್ದ್?

ಕೈಲ್‌ಪೊಳ್ದ್ ಅಥವಾ ಕೈಲು ಮುಹೂರ್ತ ಕೊಡವರ ಆಯುಧ ಪೂಜೆಯ ಹಬ್ಬ. ಸಾಮಾನ್ಯವಾಗಿ ಸೆಪ್ಟೆಂಬರ್ 3ರ ಆಸುಪಾಸಿನಲ್ಲಿ ನಡೆಯುತ್ತದೆ. ಕೆಲವು ನಾಡುಗಳಲ್ಲಿ ದಿನ ಬೇರೆಯಾಗುವುದೂ ಉಂಟು. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಗೊಳಿಸಿ ದೇವರ ಕೋಣೆಯಲ್ಲಿಟ್ಟು ಪೂಜಿಸುತ್ತಾರೆ. ಕೋವಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು. ಬೆಂಕಿಯ ನಾಲಗೆಯಂತೆ ಕೆಂಪು, ಹಳದಿ ಬಣ್ಣದಲ್ಲಿ ಅರಳುವ ಈ ಹೂ ಮಳೆಗಾಲದ್ದು. ಕಡಂಬುಟ್ಟು, ಪಂದಿಕರಿಯ ಊಟವಾದ ಮೇಲೆ ಊರಿನವರು ಮಂದ್ ಅಥವಾ ಮೈದಾನದಲ್ಲಿ ಸೇರಿ ಆಟೋಟ ನಡೆಸುತ್ತಾರೆ. ಅದರಲ್ಲಿ ಮುಖ್ಯವಾದದ್ದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ.

ಬೇಟೆಯ ಜಾಗಕ್ಕೆ ಬಂದ ಕಾಯಿ

ಹಿಂದೆ ಈ ಹಬ್ಬ ಮುಗಿದರೆ ಬೇಟೆ ಶುರು. ನಾಟಿಯ ಕಾಲದಲ್ಲಿ ಮೂಲೆ ಸೇರಿದ್ದ ಕೋವಿ ಮತ್ತೆ ಹೊರಬರುತ್ತಿದ್ದುದು ಆಗಲೇ. ಬೆಳೆಯುತ್ತಿರುವ ಪೈರನ್ನು ಕಾಡುಹಂದಿಗಳಿಂದ ಕಾಯಬೇಕಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಅಧ್ಯಾಯ ಮುಚ್ಚಿತು. ಕೋವಿ ಮಾತ್ರ ಮನೆಯಲ್ಲೇ ಉಳಿಯಿತು. ಗುರಿಯ ಪಳಗಿಕೆಗೆ ಈಗ ಉಳಿದಿರುವ ದಾರಿ ಕಾಯಿ.

ಜೀವಂತ ಪ್ರಾಣಿಯ ಬದಲು ಬೇರೊಂದು ಗುರಿ ಇಟ್ಟುಕೊಂಡವರು ಕೊಡಗಿನವರು ಮಾತ್ರವಲ್ಲ. ಮೆಕ್ಸಿಕೊದಲ್ಲಿ ಒಂದು ಕಾಲಕ್ಕೆ ಕೋಳಿ, ಕುರಿಗಳನ್ನೇ ದೂರದಲ್ಲಿ ಕಟ್ಟಿ ರೈಫಲ್ ಪಂದ್ಯ ಆಡುತ್ತಿದ್ದರು. 20ನೇ ಶತಮಾನದ ಮಧ್ಯದಲ್ಲಿ ಅವುಗಳ ಜಾಗಕ್ಕೆ ಉಕ್ಕಿನ ಆಕೃತಿಗಳು ಬಂದವು. ಕೋಳಿ 200 ಮೀಟರ್, ಹಂದಿ 300, ಟರ್ಕಿ ಕೋಳಿ 385, ಟಗರು 500 ಮೀಟರ್ ದೂರದಲ್ಲಿ. ನಿಂತೇ ಹೊಡೆಯಬೇಕು, ಆಕೃತಿ ಉರುಳಿ ಬಿದ್ದರೆ ಮಾತ್ರ ಅಂಕ. ಜರ್ಮನಿಯ ಊರಹಬ್ಬಗಳಲ್ಲಿ ಎತ್ತರದ ಕಂಬದ ಮೇಲಿನ ಮರದ ಹಕ್ಕಿಗೆ ಹೊಡೆಯುತ್ತಾರೆ, ಕೊನೆಯ ತುಂಡು ಉರುಳಿಸಿದವನು ಆ ವರ್ಷದ 'ರಾಜ'. ತೆಂಗಿನಕಾಯಿಯೂ ಇದೇ ಸಾಲಿಗೆ ಸೇರಿದ್ದು.

ಸ್ಪರ್ಧೆ ಹೇಗೆ ನಡೆಯುತ್ತದೆ?

ಹಳೆಯ ಕ್ರಮದಲ್ಲಿ ಕಾಯಿಯನ್ನು ಎತ್ತರದ ಮರದ ಮೇಲೆ ಕಟ್ಟುತ್ತಿದ್ದರು. ಈಗಿನ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಪಾಯಿಂಟ್ 22 ರೈಫಲ್, 12 ಬೋರ್ ಕೋವಿ ಮತ್ತು ಏರ್‌ಗನ್ ಎಂಬ ವಿಭಾಗಗಳಿರುತ್ತವೆ. ದೂರ ಎಷ್ಟು, ಒಬ್ಬರಿಗೆ ಎಷ್ಟು ಗುಂಡು, ಗುಂಡು ತಗುಲಿದರೆ ಸಾಕೇ ಅಥವಾ ಕಾಯಿ ಒಡೆಯಲೇಬೇಕೇ ಎಂಬುದನ್ನು ಸಂಘಟಕರೇ ನಿಗದಿಪಡಿಸುತ್ತಾರೆ. ಮಹಿಳೆಯರೂ ಕೋವಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ.

ಅಷ್ಟು ದೊಡ್ಡ ಕಾಯಿ, ತಪ್ಪುವುದು ಹೇಗೆ?

ಮೊದಲ ಬಾರಿ ನೋಡುವವರೆಲ್ಲ ಕೇಳುವ ಪ್ರಶ್ನೆ ಇದು. ಲೆಕ್ಕ ಸರಳ. ಸಿಪ್ಪೆ ಸುಲಿದ ಕಾಯಿಯ ಅಗಲ ಸುಮಾರು 10 ಸೆಂ.ಮೀ. ಎಂದುಕೊಳ್ಳಿ. ಅದರ ನಡುವಿಗೆ ಗುರಿಯಿಟ್ಟರೆ ಎರಡೂ ಕಡೆ ನಿಮಗಿರುವ ಅವಕಾಶ 5 ಸೆಂ.ಮೀ. ಮಾತ್ರ. ಕೋವಿಯ ಹಿಂದಿನ ಮತ್ತು ಮುಂದಿನ ಗುರಿಕಣ್ಣುಗಳ ನಡುವೆ 60 ಸೆಂ.ಮೀ. ಅಂತರವಿದ್ದರೆ, ಅವುಗಳ ಹೊಂದಾಣಿಕೆಯಲ್ಲಿ ಒಂದೇ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ 50 ಮೀಟರ್ ದೂರದಲ್ಲಿ ಗುಂಡು 8 ಸೆಂ.ಮೀ.ಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಕಾಯಿ ಅಲುಗದೆ ಉಳಿಯುತ್ತದೆ.

ಜತೆಗೆ ಗುಂಡು ನೇರ ಗೆರೆಯಲ್ಲಿ ಹೋಗುವುದಿಲ್ಲ. ಪಾಯಿಂಟ್ 22 ಗುಂಡಿನ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. 50 ಮೀಟರ್ ಮುಟ್ಟುವಷ್ಟರಲ್ಲಿ ಅದು ನಳಿಗೆಯ ನೇರದಿಂದ ಸುಮಾರು 12 ಸೆಂ.ಮೀ. ಕೆಳಗಿಳಿದಿರುತ್ತದೆ, 100 ಮೀಟರ್‌ನಲ್ಲಿ ಅರ್ಧ ಮೀಟರಿನಷ್ಟು. ಗುರಿಕಣ್ಣನ್ನು ಯಾವ ದೂರಕ್ಕೆ ಹೊಂದಿಸಿದ್ದಾರೆ ಎಂದು ತಿಳಿಯದೆ ಬೇರೆಯವರ ಕೋವಿ ಪಡೆದು ಹೊಡೆಯುವವರು ಸೋಲುವುದು ಇಲ್ಲೇ. ಉಸಿರು ಹಿಡಿಯುವುದು, ಕುದುರೆಯನ್ನು ಎಳೆಯದೆ ಮೆಲ್ಲಗೆ ಒತ್ತುವುದು, ಗುಂಡು ಹೊರಟ ಮೇಲೂ ಕ್ಷಣ ಕಾಲ ಕದಲದೆ ನಿಲ್ಲುವುದು: ಹಿರಿಯರು ಕಿರಿಯರಿಗೆ ಹೇಳಿಕೊಡುವ ಪಾಠ ಇಷ್ಟೇ, ಕಲಿಯಲು ವರ್ಷಗಳು ಬೇಕು.

ಪರವಾನಗಿ ಇಲ್ಲದ ಕೋವಿ ಹೇಗೆ?

ದೇಶದ ಬೇರೆಡೆ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕೇ ಬೇಕು. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇದೆ. ಜಮ್ಮಾ ಎಂದರೆ ರಾಜರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಬಂದ ಭೂಮಿ. ಹಾಗಾಗಿ ಈ ವಿನಾಯಿತಿ ಕೊಡವರಿಗಷ್ಟೇ ಸೀಮಿತವಲ್ಲ. ಜಮ್ಮಾ ಭೂಮಿ ಇರುವ ಗೌಡರು ಮೊದಲಾದ ಇತರರಿಗೂ ಇದು ಅನ್ವಯಿಸುತ್ತದೆ.

1857ರ ದಂಗೆಯ ನಂತರ ಬ್ರಿಟಿಷರು ಭಾರತೀಯರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅದರಿಂದ ಕೊಡಗಿನವರನ್ನು ಹೊರಗಿಟ್ಟರು. ಬೆಂಗಳೂರಿನ ಕಬ್ಬನ್ ಪಾರ್ಕ್‌ಗೆ ಹೆಸರು ಬಂದಿರುವುದು ಇವರಿಂದಲೇ. ಸ್ವಾತಂತ್ರ್ಯಾನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯೂ ವಿನಾಯಿತಿ ಮುಂದುವರಿಯಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಇದನ್ನು 2029ರವರೆಗೆ ವಿಸ್ತರಿಸಿತು.

ಇದು ಜಾತಿ ಮತ್ತು ಭೂಮಿಯ ಆಧಾರದ ತಾರತಮ್ಯ ಎಂದು ದೂರಿ ಸಲ್ಲಿಕೆಯಾಗಿದ್ದ ಅರ್ಜಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಜಾಗೊಳಿಸಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಶಾಶ್ವತವಲ್ಲ. ಅದಕ್ಕೆ ಅವಧಿಯಿದೆ, ಷರತ್ತುಗಳಿವೆ. 2029ರ ನಂತರ ಮುಂದುವರಿಯಬೇಕಾದರೆ ಕೇಂದ್ರ ಸರ್ಕಾರ ಮತ್ತೆ ನಿರ್ಧಾರ ಕೈಗೊಳ್ಳಬೇಕು.

ಶಿಸ್ತು ತಪ್ಪಿದರೆ ಆಟವಿಲ್ಲ

ಹೀಗಾಗಿಯೇ ಸ್ಪರ್ಧೆಯ ಮೈದಾನದಲ್ಲಿ ಸುರಕ್ಷತೆಗೆ ಮೊದಲ ಸ್ಥಾನ ಸಿಗಬೇಕು. ಕಾಯಿಗೆ ತಗುಲದ ಪಾಯಿಂಟ್ 22 ಗುಂಡು ತಡೆಯಿಲ್ಲದೆ ಹೋದರೆ ಒಂದು ಕಿಲೋಮೀಟರ್‌ಗೂ ಆಚೆ ಬೀಳಬಲ್ಲದು. ಮರದ ತುದಿಯ ಕಾಯಿಗೆ ಹೊಡೆಯುವುದು ನೋಡಲು ಚೆಂದ, ಆದರೆ ಗುಂಡಿನ ದಾರಿಯಲ್ಲಿ ತೋಟ, ಲೈನ್‌ಮನೆ, ಹೋಂಸ್ಟೇ, ರಸ್ತೆ ಏನಿದೆ ಎಂದು ಕಾಣುವುದಿಲ್ಲ. ಕಾಯಿಯ ಹಿಂದೆ ದಪ್ಪ ಮಣ್ಣಿನ ದಿಬ್ಬವಿರುವ ಜಾಗವೇ ಸರಿಯಾದ ಜಾಗ.

ಉಳಿದ ನಿಯಮಗಳು ಎಲ್ಲ ಗುಂಡು ಹೊಡೆಯುವ ಸ್ಪರ್ಧೆಗಳಿಗೂ ಒಂದೇ. ಸರದಿ ಬಂದು ಗುರಿಯ ಮುಂದೆ ನಿಂತ ಮೇಲಷ್ಟೇ ತೋಟಾ ತುಂಬಬೇಕು. ನಳಿಗೆ ಸದಾ ಗುರಿಯ ಕಡೆಗೇ ಇರಬೇಕು. ಕಾಯಿ ಬದಲಿಸಲು ಯಾರಾದರೂ ಮುಂದೆ ಹೋದರೆ ಎಲ್ಲ ಕೋವಿಗಳೂ ಖಾಲಿಯಾಗಿರಬೇಕು. ಮದ್ಯ ಸೇವಿಸಿದವರನ್ನು ಹತ್ತಿರ ಬಿಡಬಾರದು. ಹಬ್ಬದ ದಿನವಾದ್ದರಿಂದ ಈ ಕೊನೆಯ ಮಾತು ಹೆಚ್ಚು ಮುಖ್ಯ.

ನೋಡಲು ಹೋಗುವವರಿಗೆ

ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ನೆಲೆಸಿರುವವರು ಸೆಪ್ಟೆಂಬರ್ ಮೊದಲ ವಾರ ಕೊಡಗಿಗೆ ಹೋದರೆ ಇಂತಹ ಸ್ಪರ್ಧೆಯೊಂದು ಕಣ್ಣಿಗೆ ಬಿದ್ದೀತು. ಗುಂಡು ಹೊಡೆಯುವವರ ಹಿಂದೆ ನಿಂತೇ ನೋಡಿ. ಕಿವಿಗೆ ಸರಿಯಾದ ರಕ್ಷಣೆ ಇರಲಿ. ಮಕ್ಕಳ ಕೈ ಬಿಡಬೇಡಿ. ಕೋವಿಯೊಂದಿಗೆ ಫೋಟೊ ಬೇಕೆನಿಸಿದರೆ ಮನೆಯವರನ್ನು ಕೇಳಿ. ಅವರಿಗದು ಪೂಜೆಯ ವಸ್ತು.

ಕೊಡವರಲ್ಲಿ ಮಗು ಹುಟ್ಟಿದಾಗ, ಮನೆಯಲ್ಲಿ ಸಾವಾದಾಗ, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯಿದೆ. ಆ ಕೋವಿ ಮುಂದಿನ ತಲೆಮಾರಿನ ಕೈಗೂ ಸೇರಬೇಕೆಂದರೆ ಅದನ್ನು ಜವಾಬ್ದಾರಿಯಿಂದ ಹಿಡಿಯುವ ಅಭ್ಯಾಸವೂ ಜತೆಗೇ ಸೇರಬೇಕು. ಅದನ್ನು ಎಲ್ಲರೆದುರು ಕಲಿಸುವ ಜಾಗಗಳಲ್ಲಿ ತೆಂಗಿನಕಾಯಿಯ ಈ ಮೈದಾನವೂ ಒಂದು.