ಬೋಧನಯಂತ್ರಗಳೂ ಅಪಶಬ್ದವಿಚಾರವೂ

ವ್ಯಾಕರಣಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಭಗವಾನ್ ಪತಂಜಲಿಯು ಎತ್ತಿಕೊಂಡಿರುವ ಒಂದು ಪ್ರಶ್ನೆಯು ಶಾಸ್ತ್ರವ್ಯಾಸಂಗ ಮಾಡಿದವರೆಲ್ಲರಿಗೂ ಪರಿಚಿತವಾದುದೇ. ಶಿಷ್ಯನಿಗೆ ಸಾಧುಶಬ್ದಗಳನ್ನು ಉಪದೇಶಿಸಬೇಕೆ, ಅಪಶಬ್ದಗಳನ್ನು ಉಪದೇಶಿಸಬೇಕೆ, ಅಥವಾ ಉಭಯವನ್ನೂ ಉಪದೇಶಿಸಬೇಕೆ ಎಂಬುದೇ ಆ ಪ್ರಶ್ನೆ. ಎರಡರಲ್ಲಿ ಒಂದನ್ನು ಹೇಳಿದರೆ ಇನ್ನೊಂದು ಅರ್ಥಾತ್ ತಿಳಿಯುವುದು. ಆದರೆ ಸಾಧುಶಬ್ದವು ಒಂದಾದರೆ ಅದರ ಅಪಭ್ರಂಶಗಳು ಹಲವು. 'ಗೌಃ' ಎಂಬ ಒಂದು ಶಬ್ದಕ್ಕೆ ಗಾವೀ, ಗೋಣೀ, ಗೋತಾ, ಗೋಪೋತಲಿಕಾ ಎಂಬ ವಿಕಾರಗಳನ್ನು ಭಾಷ್ಯಕಾರನೇ ಉದಾಹರಿಸಿರುವನು. ಆದಕಾರಣ ಲಾಘವಾರ್ಥವಾಗಿ ಸಾಧುಶಬ್ದಗಳನ್ನೇ ಉಪದೇಶಿಸತಕ್ಕುದೆಂದು ನಿರ್ಣಯವಾಯಿತು. ಎರಡು ಸಾವಿರ ವರ್ಷಗಳಿಂದ ನಮ್ಮ ಪಾಠಶಾಲೆಗಳು ಈ ನಿರ್ಣಯದಂತೆಯೇ ನಡೆದುಬಂದಿರುವುವು. ಶಿಷ್ಯನು ತಪ್ಪಿದಾಗ ಗುರುವು ತಿದ್ದುವನು. ತಿದ್ದಿದ ಮೇಲೆ ಆ ತಪ್ಪನ್ನು ಯಾರೂ ನೆನಪಿನಲ್ಲಿಡರು, ಬರೆದಿಡುವುದಂತೂ ದೂರ.

ಇಪ್ಪತ್ತನೆಯ ಶತಮಾನದಲ್ಲಿ ಈ ನಿರ್ಣಯವನ್ನು, ತಮಗೇ ತಿಳಿಯದೆ, ಪುನರ್ವಿಚಾರಕ್ಕೆ ತಂದವರು ಬೋಧನಯಂತ್ರಗಳನ್ನು ನಿರ್ಮಿಸಿದವರು. ವಿದ್ಯಾರ್ಥಿಯು ಕೊಟ್ಟ ಉತ್ತರವನ್ನು ನೋಡಿಕೊಂಡು ಮುಂದಿನ ಪಾಠವನ್ನು ಬದಲಾಯಿಸುವ ಯಂತ್ರವನ್ನು ಕಟ್ಟಬೇಕೆಂದು ಹೊರಟವರಿಗೆ ಅಪಶಬ್ದವನ್ನು ಏನು ಮಾಡಬೇಕೆಂಬ ಪ್ರಶ್ನೆಯು ಅನಿವಾರ್ಯವಾಗಿ ಎದುರಾಯಿತು. ಅವರು ಕೊಟ್ಟ ಉತ್ತರಗಳ ಪರಂಪರೆಯನ್ನು ನಿರೂಪಿಸಿ, ಅದು ನಮ್ಮ ಕನ್ನಡದ ಅಕ್ಷರಾಭ್ಯಾಸಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುವುದೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಮೆರಿಕಾ ದೇಶದ ಓಹಾಯೋ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಸಿಡ್ನಿ ಪ್ರೆಸ್ಸಿ ಎಂಬವರು 1924ರಲ್ಲಿ ಒಂದು ಚಿಕ್ಕ ಯಂತ್ರವನ್ನು ವಿದ್ವತ್ಸಭೆಯ ಮುಂದಿಟ್ಟು, 1926ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಅದರಲ್ಲಿ ಬೆರಳಚ್ಚು ಯಂತ್ರದಲ್ಲಿರುವಂತಹ ಉರುಳೆಯೊಂದು; ಕಿಂಡಿಯಲ್ಲಿ ಒಂದು ಪ್ರಶ್ನೆ ಮತ್ತು ನಾಲ್ಕು ಉತ್ತರಗಳು; ಪಕ್ಕದಲ್ಲಿ ನಾಲ್ಕು ಕೀಲಿಗಳು. ಒಂದು ಸನ್ನೆಯನ್ನು ಸರಿಸಿದರೆ, ಸರಿಯಾದ ಕೀಲಿಯನ್ನು ಒತ್ತುವವರೆಗೆ ಪ್ರಶ್ನೆಯು ಮುಂದೆ ಹೋಗದು. ನಿಯಮಿತ ಸಂಖ್ಯೆಯ ಸರಿಯುತ್ತರಗಳಿಗೆ ಮಿಠಾಯಿಯನ್ನು ಉದುರಿಸುವ ಉಪಾಂಗವೂ ಇದ್ದಿತು. (ಮೋದಕದ ಆಸೆ ತೋರಿಸಿ ಮಗ್ಗಿ ಹೇಳಿಸುವ ಪದ್ಧತಿಯು ನಮ್ಮವರಿಗೆ ಹೊಸದೇನೂ ಅಲ್ಲ.) ಈ ಯಂತ್ರವು ತಪ್ಪನ್ನು ಎಣಿಸಬಲ್ಲುದು, ತಪ್ಪಿದವನನ್ನು ತಡೆದು ನಿಲ್ಲಿಸಬಲ್ಲುದು, ತಪ್ಪು ಯಾವುದೆಂದು ಅದಕ್ಕೆ ತಿಳಿಯದು.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬಿ. ಎಫ್. ಸ್ಕಿನ್ನರ್ ಎಂಬ ಪ್ರಸಿದ್ಧ ಪಂಡಿತರು 1953ರಲ್ಲಿ ತಮ್ಮ ಮಗಳ ಶಾಲೆಯ ಗಣಿತದ ತರಗತಿಯನ್ನು ನೋಡಲು ಹೋದವರು ಅಸಮಾಧಾನದಿಂದ ಹಿಂದಿರುಗಿ, ಮರುವರ್ಷವೇ ಒಂದು ಯಂತ್ರವನ್ನು ಮಾಡಿ ತೋರಿಸಿದರು. 1958ರಲ್ಲಿ ಅವರು ಪ್ರಕಟಿಸಿದ 'ಬೋಧನಯಂತ್ರಗಳು' ಎಂಬ ಲೇಖನದಿಂದ ಈ ವಿಷಯಕ್ಕೆ ಲೋಕಪ್ರಸಿದ್ಧಿ ಬಂದಿತು. ಅವರ ಕ್ರಮದಲ್ಲಿ ಪಾಠವು ಅತಿಸಣ್ಣ ಹೆಜ್ಜೆಗಳಾಗಿ ಒಡೆಯಲ್ಪಡುವುದು. ವಿದ್ಯಾರ್ಥಿಯು ಉತ್ತರವನ್ನು ಆರಿಸದೆ ತಾನೇ ರಚಿಸಿ ಬರೆಯುವನು. ಹೆಜ್ಜೆಗಳು ಎಷ್ಟು ಸಣ್ಣವೆಂದರೆ ತಪ್ಪುವುದಕ್ಕೆ ಅವಕಾಶವೇ ಇಲ್ಲದಿರಬೇಕು. ತಪ್ಪಿದರೆ ಅದು ಪಾಠ ರಚಿಸಿದವನ ದೋಷವೆಂದು ತಿಳಿಯತಕ್ಕದ್ದು. ಇದು ಸಾಕ್ಷಾತ್ ಪತಂಜಲಿಮತವೇ: ಸಾಧುವನ್ನು ಉಪದೇಶಿಸು, ಅಪಶಬ್ದವು ಹುಟ್ಟದಂತೆ ನೋಡಿಕೊ. ಎಲ್ಲ ವಿದ್ಯಾರ್ಥಿಗಳಿಗೂ ದಾರಿ ಒಂದೇ, ನಡೆಯುವ ವೇಗವು ಮಾತ್ರ ಅವರವರದು.

ಪೂರ್ವಪಕ್ಷವನ್ನು ಹಿಡಿದವರು ನಾರ್ಮನ್ ಕ್ರೌಡರ್. ಇವರು ಅಮೆರಿಕಾದ ವಾಯುಸೇನೆಯಲ್ಲಿ ವಿದ್ಯುದುಪಕರಣಗಳ ದೋಷವನ್ನು ಹುಡುಕಿ ಸರಿಪಡಿಸುವ ಕೆಲಸಗಾರರಿಗೆ ಶಿಕ್ಷಣವೀಯುವ ಕಾರ್ಯದಲ್ಲಿದ್ದವರು. ಯಂತ್ರದ ದೋಷವನ್ನು ಹುಡುಕುವವನು ಲಕ್ಷಣದಿಂದ ಕಾರಣಕ್ಕೆ ಹೋಗುವಂತೆ, ವಿದ್ಯಾರ್ಥಿಯ ತಪ್ಪುತ್ತರದಿಂದ ಅವನ ಭ್ರಾಂತಿಯ ಕಾರಣಕ್ಕೆ ಹೋಗಬಹುದೆಂಬುದು ಅವರ ಮತ. 1950ರ ದಶಕದ ಕೊನೆಯಲ್ಲಿ ಅವರು ರಚಿಸಿದ ಪುಸ್ತಕಗಳಲ್ಲಿ ಪುಟಗಳು ಕ್ರಮವಾಗಿ ಓದಿಕೊಂಡು ಹೋಗತಕ್ಕವಲ್ಲ. ಪ್ರತಿಪುಟದ ಕೊನೆಯಲ್ಲಿ ಒಂದು ಪ್ರಶ್ನೆಯೂ ಕೆಲವು ಉತ್ತರಗಳೂ ಇರುವುವು. ಒಂದೊಂದು ಉತ್ತರವೂ ಒಂದೊಂದು ಪುಟಕ್ಕೆ ಕಳುಹಿಸುವುದು. ಸರಿಯುತ್ತರವನ್ನು ಆರಿಸಿದವನಿಗೆ ಮುಂದಿನ ಪಾಠ. ತಪ್ಪನ್ನು ಆರಿಸಿದವನಿಗೆ, ಆ ತಪ್ಪನ್ನು ಮಾಡುವವನು ಏನನ್ನು ತಪ್ಪಾಗಿ ಗ್ರಹಿಸಿರಬಹುದೋ ಅದರ ಸಮಾಧಾನ. ಇದನ್ನೇ ಸೂಕ್ಷ್ಮಚಿತ್ರಗಳ ಸುರುಳಿಯಲ್ಲಿ ಅಳವಡಿಸಿದ 'ಆಟೋಟ್ಯೂಟರ್' ಎಂಬ ಯಂತ್ರವೂ ಪ್ರಚಾರಕ್ಕೆ ಬಂದಿತು.

ಶಾಸ್ತ್ರಗ್ರಂಥಗಳನ್ನು ಓದಿದವರಿಗೆ ಈ ರಚನೆಯು ಅಪರಿಚಿತವೆನಿಸದು. ಆಕ್ಷೇಪವನ್ನು ಮುಂಚಿತವಾಗಿಯೇ ಊಹಿಸಿ, ಅದಕ್ಕೆ ತಕ್ಕ ಪರಿಹಾರವನ್ನು ಸಿದ್ಧಪಡಿಸಿಡುವುದು ಭಾಷ್ಯಕಾರರ ಹಳೆಯ ಕ್ರಮವಷ್ಟೆ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಯಂತ್ರವು ವಿದ್ಯಾರ್ಥಿಯ ಮಾತನ್ನು ಕೇಳಿ ಉತ್ತರ ಕೊಡುವಂತೆ ತೋರಿದರೂ, ವಸ್ತುತಃ ಉತ್ತರ ಕೊಡುವವನು ಎಂದೋ ಕುಳಿತು ಆ ತಪ್ಪನ್ನು ಊಹಿಸಿದ ಗ್ರಂಥಕರ್ತನೇ. ಅವನು ಊಹಿಸದ ತಪ್ಪಿಗೆ ಯಂತ್ರದಲ್ಲಿ ಪುಟವೇ ಇಲ್ಲ. ಪತಂಜಲಿಯು ಹೇಳಿದ ಗೌರವದೋಷವೂ ಇಲ್ಲಿ ಬಾಧಿಸುವುದು. ಒಂದೊಂದು ಪ್ರಶ್ನೆಗೆ ನಾಲ್ಕು ಉತ್ತರಗಳಂತೆ, ಪ್ರತಿಯೊಂದಕ್ಕೂ ಬೇರೆ ದಾರಿಯನ್ನು ತೆರೆಯುತ್ತ ಹೋದರೆ ಹತ್ತು ಪ್ರಶ್ನೆಗಳಾಗುವಷ್ಟರಲ್ಲಿ ದಾರಿಗಳ ಸಂಖ್ಯೆ 10,48,576 ಆಗುವುದು. ಕ್ರೌಡರರು ಇದನ್ನು ತಪ್ಪಿಸಿಕೊಂಡ ಬಗೆ ಸುಲಭವಾದುದು: ಭ್ರಾಂತಿಯನ್ನು ಪರಿಹರಿಸಿದೊಡನೆ ವಿದ್ಯಾರ್ಥಿಯನ್ನು ಹೊರಟ ಪುಟಕ್ಕೇ ಹಿಂದಿರುಗಿಸಿ, ಮತ್ತೆ ಆರಿಸೆಂದು ಹೇಳುವುದು.

ಇಂಗ್ಲೆಂಡಿನಲ್ಲಿ ಗಾರ್ಡನ್ ಪಾಸ್ಕ್ ಎಂಬವರು ರಾಬಿನ್ ಮೆಕಿನಾನ್-ವುಡ್ ಎಂಬ ಮಿತ್ರರೊಡನೆ 1956ರ ಸುಮಾರಿಗೆ ನಿರ್ಮಿಸಿದ 'ಸಾಕಿ' ಎಂಬ ಯಂತ್ರವು ಬೇರೊಂದು ದಾರಿಯನ್ನು ಹಿಡಿಯಿತು. ಲೆಕ್ಕದ ಕಚೇರಿಗಳಲ್ಲಿ ಕಾಗದದ ಕಾರ್ಡುಗಳಿಗೆ ರಂಧ್ರವನ್ನು ಹೊಡೆಯುವ ಕೀಲಿಮಣೆಯ ಕೆಲಸವನ್ನು ಕಲಿಸಲು ಅದು ಹುಟ್ಟಿದುದು. ಯಾವ ಅಂಕಿಯನ್ನು ಒತ್ತಲು ಕಲಿಯುವವನು ಎಷ್ಟು ಹೊತ್ತು ತಡೆಯುವನೆಂಬುದನ್ನು ಅದು ಒಂದೊಂದು ಅಂಕಿಗೂ ಪ್ರತ್ಯೇಕವಾಗಿ ಅಳೆಯುವುದು. ಕೈ ಕುದುರಿದ ಅಂಕಿಗಳಿಗೆ ದೀಪದ ಸೂಚನೆಯು ಮಸುಕಾಗುತ್ತ ಬರುವುದು, ಕಾಲಾವಕಾಶವೂ ಕುಗ್ಗುವುದು. ತಡವರಿಸುವ ಅಂಕಿಗಳು ಮತ್ತೆ ಮತ್ತೆ ಬರುವುವು, ಸೂಚನೆಯೂ ಮರಳಿ ಬೆಳಗುವುದು. ಸಂಥೆ ಹೇಳಿಕೊಡುವ ಅಧ್ಯಾಪಕನು ಶಿಷ್ಯನು ಎಲ್ಲಿ ಉಸಿರು ಹಿಡಿಯುವನೆಂದು ಗಮನಿಸಿ ಆ ಪಾದವನ್ನೇ ಮತ್ತೊಮ್ಮೆ ಹೇಳಿಸುವನಷ್ಟೆ. ಆ ಕಿವಿಯನ್ನು ಪಾಸ್ಕರು ವಿದ್ಯುತ್ತಂತಿಗಳಲ್ಲಿ ಕಟ್ಟಿದರು. ನಿಜವಾಗಿ ಕಲಿಯುವವನಿಗೆ ಹೊಂದಿಕೊಂಡ ಮೊದಲನೆಯ ಯಂತ್ರವೆಂದು ಇದನ್ನೇ ಎಣಿಸಬೇಕೆಂದು ನಮ್ಮ ಅಭಿಪ್ರಾಯ.

1960ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ ಎಂಬವರು ಗಣಕಯಂತ್ರವನ್ನೇ ಬೋಧನೆಗೆ ಹೂಡಿ 'ಪ್ಲೇಟೋ' ಎಂಬ ವ್ಯವಸ್ಥೆಯನ್ನು ಆರಂಭಿಸಿದರು. 1970ರಲ್ಲಿ ಹಾಯ್ಮೆ ಕಾರ್ಬೊನೆಲ್ ಎಂಬವರ 'ಸ್ಕಾಲರ್' ಎಂಬ ಕ್ರಮವಿಧಿಯು ದಕ್ಷಿಣ ಅಮೆರಿಕಾದ ಭೂಗೋಳವನ್ನು ಕುರಿತು ವಿದ್ಯಾರ್ಥಿಯೊಡನೆ ಪ್ರಶ್ನೋತ್ತರ ನಡೆಸಿತು. ಇವುಗಳ ವಿಸ್ತಾರವು ಪ್ರಕೃತಕ್ಕೆ ಬೇಡ. ನಮ್ಮ ವಿಚಾರಕ್ಕೆ ನಿರ್ಣಾಯಕವಾದುದು 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬವರು ಪ್ರಕಟಿಸಿದ ಸಂಶೋಧನೆ. ಮಕ್ಕಳ ವ್ಯವಕಲನದ ಲೆಕ್ಕಗಳನ್ನು ಪರೀಕ್ಷಿಸಿ ಅವರು ಕಂಡುಕೊಂಡುದೇನೆಂದರೆ, ತಪ್ಪುಗಳಲ್ಲಿ ಬಹುಭಾಗವು ಅಜಾಗರೂಕತೆಯಿಂದ ಹುಟ್ಟಿದುದಲ್ಲ, ಅವುಗಳಿಗೂ ಒಂದು ಸೂತ್ರವಿರುವುದು. 52ರಲ್ಲಿ 37ನ್ನು ಕಳೆದು 25 ಎಂದು ಬರೆದ ಹುಡುಗನು, ಪ್ರತಿಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕೆಂಬ ಸೂತ್ರವನ್ನು ಚಾಚೂ ತಪ್ಪದೆ ಪಾಲಿಸಿರುವನು. 81ರಲ್ಲಿ 46 ಕಳೆಯೆಂದರೆ ಅವನು 45 ಎನ್ನುವನೆಂದು ಮುಂಚಿತವಾಗಿಯೇ ಹೇಳಬಹುದು. ಇಂತಹ ಸೂತ್ರಗಳ ಪಟ್ಟಿಯನ್ನೇ ಅವರು ಯಂತ್ರಕ್ಕೆ ಒದಗಿಸಿದರು. ಅಪಶಬ್ದಗಳು ಅನಂತವೆಂಬ ಹಳೆಯ ಹೇತುವಿಗೆ ಇದರಿಂದ ಪೆಟ್ಟು ಬಿದ್ದಿತು. ವಿಕಾರಗಳು ಎಷ್ಟೇ ಇದ್ದರೂ ಅವುಗಳನ್ನು ಹುಟ್ಟಿಸುವ ಸೂತ್ರಗಳು ಪರಿಮಿತವಾಗಿದ್ದರೆ, ಅಪಶಬ್ದಶಾಸ್ತ್ರವೂ ಲಾಘವದಿಂದಲೇ ಸಾಧ್ಯವಾಗುವುದಲ್ಲವೆ?

ಕನ್ನಡನಾಡಿನಲ್ಲಿ ಈ ತತ್ತ್ವವು ಯಂತ್ರವಿಲ್ಲದೆಯೇ ಕಾರ್ಯಕ್ಕಿಳಿಯಿತೆಂಬುದು ವಿದ್ವಾಂಸರ ಗಮನಕ್ಕೆ ಸಾಕಷ್ಟು ಬಂದಂತಿಲ್ಲ. 1984ರಲ್ಲಿ ಕೇಂದ್ರಸರ್ಕಾರವು ಬಿಬಿಸಿ ಗಣಕಗಳನ್ನು ತರಿಸಿ ಶಾಲೆಗಳಿಗೆ ಕೊಟ್ಟ 'ಕ್ಲಾಸ್' ಯೋಜನೆಯು ಹಳ್ಳಿಯ ಮಗುವಿನ ಅಕ್ಷರಾಭ್ಯಾಸವನ್ನು ಮುಟ್ಟಲಿಲ್ಲ. ಅದನ್ನು ಮುಟ್ಟಿದುದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ'. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಯುನಿಸೆಫ್ ಸಂಸ್ಥೆಯ ನೆರವಿನಿಂದ ಇದನ್ನು ರೂಪಿಸಿದರು. 2009-10ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಲ್ಪಟ್ಟು, ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಹಳ್ಳಿಗಳಿಗೂ ಬಂದಿತು. ಪಠ್ಯಪುಸ್ತಕದ ಬದಲು ಕಾರ್ಡುಗಳು, ಗೋಡೆಯಲ್ಲಿ 'ಕಲಿಕಾ ಏಣಿ', ಏಣಿಯಲ್ಲಿ ಮೈಲಿಗಲ್ಲುಗಳು. ಮಗುವು ತಾನು ನಿಂತ ಮೆಟ್ಟಿಲಿನ ಗುರುತನ್ನು ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುವುದು. ನಾಲ್ಕು ದಿನ ಶಾಲೆ ತಪ್ಪಿಸಿದ ಮಗುವು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುವುದು. ಮೌಲ್ಯಮಾಪನದ ಕಾರ್ಡಿನಲ್ಲಿ ತಪ್ಪಿದವರಿಗೆ ಪುನಃ ಅಭ್ಯಾಸ, ಗೆದ್ದವರಿಗೆ ಮುಂದಿನ ಮೈಲಿಗಲ್ಲು. ಕ್ರೌಡರರ ಪುಸ್ತಕವನ್ನು ಬಿಡಿಸಿ ಹಾಳೆಹಾಳೆಯಾಗಿ ಹರಡಿದರೆ ಇದೇ ಆಗುವುದು.

ಶಿಕ್ಷಕನ ಸಹಾಯದಿಂದ ಕಲಿಯುವ ತಂಡ, ಸಹಪಾಠಿಗಳ ಸಹಾಯದಿಂದ ಕಲಿಯುವ ತಂಡ, ತಾನೇ ಕಲಿಯುವ ತಂಡ ಎಂಬ ವಿಭಾಗವೂ ಇದರಲ್ಲಿದೆ. ಕಲಿತ ಹುಡುಗನು ಕಲಿಯುವ ಹುಡುಗನಿಗೆ ಹೇಳಿಕೊಡುವ ಪದ್ಧತಿಯನ್ನು ಮದರಾಸಿನ ಅನಾಥಶಾಲೆಯಲ್ಲಿ ನಡೆಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಪ್ರಚುರಪಡಿಸಿದವರು ಆಂಡ್ರ್ಯೂ ಬೆಲ್. ಮರಳಿನ ಮೇಲೆ ಅಕ್ಷರ ತಿದ್ದಿಸುವ ಕ್ರಮವನ್ನು ಅವರು ಕಲಿತುದು ನಮ್ಮ ದೇಶದ ಮಠಗಳನ್ನು ನೋಡಿಯೇ. ನಮ್ಮ ಸೀಮೆಗೆ ಸೇರಿದ ಒಂದು ಸಂಗತಿಯನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. 1792ರ ಶ್ರೀರಂಗಪಟ್ಟಣದ ಕೌಲಿನಂತೆ ಒತ್ತೆಯಿಡಲ್ಪಟ್ಟಿದ್ದ ಟಿಪ್ಪುಸುಲ್ತಾನನ ಇಬ್ಬರು ಮಕ್ಕಳನ್ನು 1794ರಲ್ಲಿ ಹಿಂದಕ್ಕೊಪ್ಪಿಸಲು ಬಂದ ನಿಯೋಗದೊಡನೆ ಬೆಲ್ಲರ ಶಾಲೆಯ ವಿಲಿಯಂ ಸ್ಮಿತ್ ಎಂಬ ಹದಿನೇಳು ವಯಸ್ಸಿನ ಹುಡುಗನು ಬಂದು, ಸುಲ್ತಾನನ ಎದುರಿನಲ್ಲಿ ಪದಾರ್ಥವಿಜ್ಞಾನದ ಪ್ರಯೋಗಗಳನ್ನು ನಡೆಸಿ ತೋರಿಸಿದನು.

ನಲಿ-ಕಲಿಯ ಅಕ್ಷರಕ್ರಮವನ್ನು ಕಂಡು ಸಂಪ್ರದಾಯಸ್ಥರು ಹುಬ್ಬು ಗಂಟಿಕ್ಕಿದುದುಂಟು. ಅ ಆ ಇ ಈ ಎಂದು ಮೊದಲಾಗದೆ ಅದು ರ, ಗ, ಸ, ದ, ಅ ಎಂದು ಮೊದಲಾಗುವುದು. ಈ ಐದರಿಂದಲೇ ಅರಸ, ಸರ, ಗರಗಸ ಎಂಬ ಶಬ್ದಗಳು ಒಡನೆಯೇ ಸಿದ್ಧವಾಗುವುವು. ಬರಹವೂ ದುಂಡಗೆ, ಸುಲಭ. ಈ ಆಕ್ಷೇಪವು ನಿಲ್ಲದು. ಪ್ರಯೋಜನಾನುಸಾರವಾಗಿ ವರ್ಣಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ ಮಾಹೇಶ್ವರಸೂತ್ರಗಳನ್ನು ದಿನವೂ ಪಠಿಸುವವರು ಹೀಗೆ ಆಕ್ಷೇಪಿಸುವುದು ಉಚಿತವಲ್ಲ. ಆ ಹದಿನಾಲ್ಕು ಸೂತ್ರಗಳಲ್ಲಿ ಹಕಾರವೊಂದನ್ನು ಐದನೆಯದರಲ್ಲಿಯೂ ಕೊನೆಯದರಲ್ಲಿಯೂ ಎರಡು ಸಲ ಪಠಿಸಲಾಗಿದೆ. ಅದೇಕೆಂದು ಭಾಷ್ಯದಲ್ಲಿ ಚರ್ಚೆಯೂ ಉಂಟು. ನಮ್ಮ ಸೀಮೆಯ ಮಕ್ಕಳಿಗಾದರೋ ಹಕಾರವನ್ನು ಎರಡು ಸಲವಲ್ಲ, ಹತ್ತು ಸಲ ಹೇಳಿಸಬೇಕಾಗಿದೆ.

ಕಾರಣವೇನೆಂದರೆ, ಮಂಡ್ಯ ಜಿಲ್ಲೆಯ ಗ್ರಾಮ್ಯಭಾಷೆಯಲ್ಲಿ ಪದಾದಿಯ ಹಕಾರವು ಲುಪ್ತವಾಗಿರುವುದು. ಹಾಲು ಆಲಾಗುವುದು, ಹಸು ಅಸುವಾಗುವುದು, ಹಕ್ಕಿಯೂ ಅಕ್ಕಿಯೂ ಒಂದೇ ಆಗುವುವು, ಹೇಳು ಎಂಬುದು ಏಳು ಎಂಬುದರಲ್ಲಿ ಲೀನವಾಗುವುದು. ಭಾಷೆಯ ಇತಿಹಾಸವನ್ನು ಬಲ್ಲವರಿಗೆ ಇದು ಅಕ್ರಮವೆನಿಸದು. ಹಳಗನ್ನಡದ ಪಾಲ್ ಎಂಬುದರ ಪಕಾರವು ಮುಂದೆ ಹಕಾರವಾಗಿ ಹಾಲು ಹುಟ್ಟಿತು. ಆ ಹಕಾರವೂ ಸವೆದುಹೋದರೆ ಆಲು. ಈ ಮಗುವು ಭಾಷೆಯು ಹಿಡಿದ ದಾರಿಯಲ್ಲಿಯೇ ಒಂದು ಹೆಜ್ಜೆ ಮುಂದೆ ಹೋಗಿರುವುದು. ನಲಿ-ಕಲಿಯ ಏಣಿಯಲ್ಲಿ ಅಕಾರವು ಮೊದಲ ಗುಂಪಿನಲ್ಲಿಯೇ ಬರುವುದು, ಹಕಾರವು ತಡವಾಗಿ ಬರುವುದು. ಆದುದರಿಂದ ಕಿವಿಗೆ ಒಂದೇ ಆಗಿ ಕೇಳುವ ಶಬ್ದಗಳೆಲ್ಲವನ್ನೂ ಮಗುವು ಮೊದಲು ಅಕಾರಕ್ಕೆ ಸೇರಿಸಿ, ಆಮೇಲೆ ಹಕಾರದ ಪಾಲನ್ನು ಅದರಿಂದ ಬಿಡಿಸಿಕೊಡಬೇಕಾಗುವುದು. ಬಿಡಿಸುವಾಗ ಆನೆಯನ್ನು ಹಾನೆಯೆಂದು ಬರೆದರೆ ಆಶ್ಚರ್ಯವೇನು?

ಹಸು ಎಂಬಲ್ಲಿ ಅಸು ಎಂದು ಬರೆದ ಇಬ್ಬರು ಮಕ್ಕಳನ್ನು ತೆಗೆದುಕೊಳ್ಳೋಣ. ಒಂದಕ್ಕೆ ಹಕಾರದ ಆಕಾರವು ಮರೆತಿದೆ. ಅದಕ್ಕೆ ಬರವಣಿಗೆಯ ಕಾರ್ಡು ಸಾಕು. ಇನ್ನೊಂದಕ್ಕೆ ಆಕಾರವು ಚೆನ್ನಾಗಿ ಬರುವುದು, ಆದರೆ ಆ ಧ್ವನಿಯೇ ಮನೆಯ ಮಾತಿನಲ್ಲಿಲ್ಲ. ಅದಕ್ಕೆ ನೂರು ಸಲ ಹಕಾರವನ್ನು ತಿದ್ದಿಸಿದರೂ ಹಕ್ಕಿ-ಅಕ್ಕಿಗಳ ಭೇದವು ತಿಳಿಯದು. ಕಾಗದದ ಮೇಲೆ ಇವೆರಡು ತಪ್ಪುಗಳೂ ಒಂದೇ. ಪ್ರೆಸ್ಸಿಯವರ ಯಂತ್ರವು ಇಬ್ಬರನ್ನೂ ತಡೆದು ನಿಲ್ಲಿಸುವುದು, ಸ್ಕಿನ್ನರರ ಯಂತ್ರವು ಇಬ್ಬರನ್ನೂ ಒಂದೇ ದಾರಿಯಲ್ಲಿ ನಡೆಯಿಸುವುದು. ಈಗಿನ ಭಾಷಾಗಣಕಗಳು ಬಹುಮಟ್ಟಿಗೆ ಬರೆದ, ಮುದ್ರಿಸಿದ ಕನ್ನಡದಿಂದ ಕಲಿತವು. ಆ ಬರಹದಲ್ಲಿ ಹಕಾರವು ಎಲ್ಲಿಯೂ ಬಿದ್ದುಹೋಗಿರುವುದಿಲ್ಲ, ಕಾದಂಬರಿಗಳ ಗ್ರಾಮ್ಯಸಂಭಾಷಣೆಯೊಂದನ್ನು ಬಿಟ್ಟರೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ಶಾಬ್ದಬೋಧವನ್ನು ಗಣಕಕ್ಕೆ ಅಳವಡಿಸುವ ಕೆಲಸವು ನಡೆದಿರುವುದು ಈ ಸೀಮೆಯ ಕೀರ್ತಿಯೇ ಸರಿ. ಆದರೆ ಶಾಬ್ದಬೋಧಕ್ಕೆ ವಿಷಯವಾದುದು ಸಾಧುವಾಕ್ಯ. ಕಲಿಯುವ ಮಗುವಿನ ಅಸಾಧುವಾಕ್ಯಕ್ಕೆ ಬೇರೆ ಸಾಮಗ್ರಿಯೇ ಬೇಕು.

ಆ ಸಾಮಗ್ರಿಯನ್ನು ಶೇಖರಿಸಲು ಯಂತ್ರವು ಬೇಕಿಲ್ಲ. ಕನ್ನಡದ ಉಪಾಧ್ಯಾಯರು ತಿದ್ದುವ ಉಕ್ತಲೇಖನದ ಪುಸ್ತಕಗಳೇ ಸಾಕು. ಹೇಳಿದ ಶಬ್ದ, ಮಗುವು ಬರೆದ ರೂಪ, ಆ ಶಬ್ದವನ್ನು ಮಗುವು ಬಾಯಿಂದ ಹೇಳುವ ರೀತಿ, ಅಕಾರಾದಿಯಾದ ಶಬ್ದಗಳಿಗೆ ಹಕಾರವನ್ನು ತಂದು ಸೇರಿಸುವುದೆ ಇಲ್ಲವೆ ಎಂಬ ವಿಷಯ: ಈ ನಾಲ್ಕನ್ನು ಮಗುವಿನ ಹೆಸರು ಹಿಡಿಯದೆ, ಊರಿನ ಹೆಸರಿನೊಡನೆ ಗುರುತು ಮಾಡಿದರೆ ಮೇಲೆ ಹೇಳಿದ ಇಬ್ಬರು ಮಕ್ಕಳು ಬೇರೆಬೇರೆಯಾಗಿ ಕಾಣುವರು. ಇದೇ ರೀತಿಯಲ್ಲಿ ಶಕಾರ ಸಕಾರಗಳನ್ನೂ, ಮಹಾಪ್ರಾಣಗಳನ್ನೂ, ಣಕಾರ ಳಕಾರಗಳನ್ನೂ ಪರೀಕ್ಷಿಸತಕ್ಕದ್ದು. ಹಕಾರದಿಂದ ಆರಂಭಿಸುವುದು ಸುಲಭ. ಹಕ್ಕಿ, ಹಸು, ಹಾಲು, ಹೇಳು, ಹೋಗು ಎಂಬ ಐದು ಶಬ್ದಗಳನ್ನೂ, ಅವುಗಳಿಗೆ ಎದುರಾಗಿ ಅಕ್ಕಿ, ಅರಸ, ಆನೆ, ಏಳು, ಓದು ಎಂಬ ಐದನ್ನೂ ಬೆರೆಸಿ ಬರೆಯಿಸಿದರೆ ಒಂದು ಗಂಟೆಯ ಕೆಲಸ.