ಜಾತಿಯ ಕ್ರಮ, ಮೂಗಿನ ಅಳತೆ

ಸಂಶೋಧನಾ ವಿಧಾನ ಕಲಿಯುತ್ತಿದ್ದಾಗ ಪ್ರಶ್ನಾವಳಿಯೊಂದರ ಜಾತಿಯ ಕಾಲಂಗೆ 1, 2, 3 ಎಂದು ಸಂಕೇತ ಕೊಟ್ಟು ಕಂಪ್ಯೂಟರಿಗೆ ತುಂಬಿದ್ದೆ. ಅದು ‘ಸರಾಸರಿ ಜಾತಿ 2.4’ ಎಂದು ಲೆಕ್ಕ ಒಪ್ಪಿಸಿತು. ತರಗತಿಯೆಲ್ಲ ನಕ್ಕಿತು.

ಅಳತೆಗೆ ನಾಲ್ಕು ಮಟ್ಟಗಳಿವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಎಸ್.ಎಸ್. ಸ್ಟೀವನ್ಸ್ 1946ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ. ಬರೀ ಹೆಸರು ಒಂದು, ಮೇಲುಕೆಳಗಿನ ಕ್ರಮ ಇನ್ನೊಂದು. ಮೂರನೆಯದು ಸೆಲ್ಸಿಯಸ್ ತಾಪಮಾನದಂತೆ ಸಮಾನ ಅಂತರದ್ದು. ನಾಲ್ಕನೆಯದು ಉದ್ದ, ತೂಕಗಳಂತೆ ನಿಜವಾದ ಸೊನ್ನೆಯುಳ್ಳದ್ದು. ನನ್ನ 1, 2, 3 ಬರೀ ಹೆಸರುಗಳು. ಅವನ್ನು ಕೂಡಿಸಿ ಭಾಗಿಸುವಂತಿರಲಿಲ್ಲ.

ಆದರೆ ಹೆಸರನ್ನು ಕ್ರಮವಾಗಿಸುವ ಕೆಲಸವನ್ನು ಸರ್ಕಾರವೇ ಒಮ್ಮೆ ಮಾಡಿತ್ತು. 1901ರ ಜನಗಣತಿಯ ಕಮಿಷನರ್ ಎಚ್.ಎಚ್. ರಿಸ್ಲಿ ಜಾತಿಗಳನ್ನು ಎಣಿಸಿದ್ದಷ್ಟೇ ಅಲ್ಲ, ‘ಸಾಮಾಜಿಕ ಅಗ್ರತೆ’ಯ ಪ್ರಕಾರ ಜೋಡಿಸಲು ಹೊರಟ. ಯಾರ ಕೈಯ ನೀರನ್ನು ಯಾರು ಕುಡಿಯುತ್ತಾರೆ ಎಂಬಂಥ ಪ್ರಶ್ನೆಗಳು ಆಧಾರವಾದವು. ಒಂದು ಊರಿನಲ್ಲಿ ನೀರು ಸಲ್ಲುವ ಜಾತಿಗೆ ಇನ್ನೊಂದೂರಿನಲ್ಲಿ ಸಲ್ಲದಿರಬಹುದು. ನಡುವಿನ ಜಾತಿಗಳ ಸ್ಥಾನವಂತೂ ಎಲ್ಲೆಡೆ ತಕರಾರಿನದೇ. ಪಟ್ಟಿಯಲ್ಲಿ ಮಾತ್ರ ಒಂದೊಂದಕ್ಕೂ ಒಂದೇ ಜಾಗ.

ಇದೇ ರಿಸ್ಲಿ ಅದಕ್ಕೂ ಮೊದಲು, 1880ರ ದಶಕದಲ್ಲಿ, ಬಂಗಾಳದಲ್ಲಿ ಜನರ ಮೂಗು ಅಳೆಸಿದ್ದ. ಅಗಲವನ್ನು ಎತ್ತರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ‘ನಾಸಿಕ ಸೂಚ್ಯಂಕ’. ಮೂಗು ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗೆ ಎಂಬುದು ಅವನ ವಾದ. ಮೂಗಿನ ಅಳತೆ ನಿಜವಾದ ಅಳತೆಯೇ, ನಾಲ್ಕನೆಯ ಮಟ್ಟದ್ದು. ನನ್ನನ್ನು ಕಾಡುವುದು ಅದನ್ನು ಬಳಸಿದ ರೀತಿ: ಜನರ ಬಾಯಲ್ಲಿದ್ದ ಮೇಲುಕೀಳಿಗೆ ದಶಮಾಂಶದ ಅಂಕಿಯಿಂದ ಸಾಕ್ಷಿ ಹೇಳಿಸಿದ್ದು. ನನ್ನ 2.4ಕ್ಕೆ ನಕ್ಕಂತೆ ಇದಕ್ಕೆ ನಗಲಾಗುವುದಿಲ್ಲ.

ಜಾತಿಸಭೆಗಳು ಎದ್ದವು, ಹೊಸ ಹೆಸರು, ಹೊಸ ವರ್ಣ ಬೇಡಿ ಅರ್ಜಿಗಳು ಹರಿದವು. ಜನಗಣತಿ ಹೀಗೆ ಮೇಲೇರುವ ಮೆಟ್ಟಿಲಾದುದನ್ನು ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸರು ಮುಂದೆ ಚರ್ಚಿಸಿದರು. 1911ರ ಗಣತಿಯ ಹೊತ್ತಿಗೂ, ಇದು ತಲೆ ಎಣಿಸಲಿಕ್ಕಲ್ಲ, ಸ್ಥಾನ ಗೊತ್ತುಮಾಡಲಿಕ್ಕೆ ಎಂದೇ ಬಂಗಾಳದ ಜನ ನಂಬಿದ್ದರು. ಅಲ್ಲಿನ ಅಧಿಕಾರಿ ಓಮಾಲಿ ತನಗೆ ಬಂದ ಅರ್ಜಿಗಳ ತೂಕವನ್ನು ವರದಿಯಲ್ಲಿ ಬರೆದಿಟ್ಟಿದ್ದಾನೆ: ಒಂದೂವರೆ ಮಣ. ಇಂದಿನ ಲೆಕ್ಕದಲ್ಲಿ ಸುಮಾರು 56 ಕಿಲೋ.