ಜಪ್ತಿಯಾದ ಗದ್ದೆ, ನಿಂತುಹೋದ ಕೂಲಿ: ಅಂಕೋಲೆಯ ಕರನಿರಾಕರಣೆಯ ಅನಂತರ

ಅಂಕೋಲೆಯ ಸ್ವಾತಂತ್ರ್ಯ ಹೋರಾಟವನ್ನು ಕುರಿತು ಬರೆಯುವವರು 1930ರ ಉಪ್ಪಿನ ಸತ್ಯಾಗ್ರಹದ ಬಳಿ ಹೆಚ್ಚು ಹೊತ್ತು ನಿಲ್ಲುತ್ತಾರೆ. ಅದು ಸಹಜವೇ. ಆದರೆ ಜನರ ಅನ್ನಕ್ಕೇ ಸಂಚಕಾರ ತಂದದ್ದು ಅದರ ಮುಂದಿನ ಅಧ್ಯಾಯವಾದ ಕರನಿರಾಕರಣೆ. 1932ರಲ್ಲಿ ಅಂಕೋಲಾ, ಸಿದ್ದಾಪುರ ತಾಲೂಕುಗಳ ರೈತರು ಭೂಕಂದಾಯ ಕೊಡಲು ನಿರಾಕರಿಸಿದರು. ಸರಕಾರ ಗದ್ದೆ, ತೋಟ, ದನಕರುಗಳನ್ನು ಜಪ್ತಿ ಮಾಡಿ ಹರಾಜಿಗಿಟ್ಟಿತು. ನೂರಾರು ಕುಟುಂಬಗಳು ನೆಲ ಕಳೆದುಕೊಂಡವು.

ಜಪ್ತಿಯ ಕಡತದಲ್ಲಿ ಬರುವುದು ಖಾತೆದಾರನ ಹೆಸರು. ಅದೇ ಗದ್ದೆಯನ್ನು ಗೇಣಿಗೆ ಉಳುತ್ತಿದ್ದವನ, ನಾಟಿ ಕೊಯ್ಲುಗಳಿಗೆ ಬರುತ್ತಿದ್ದ ಕೂಲಿಯವರ ನಷ್ಟಕ್ಕೆ ಖಾತೆಯೇ ಇಲ್ಲ. ಒಡೆಯನಿಗೆ ಹೋದದ್ದು ಆಸ್ತಿ. ಇವರಿಗೆ ಹೋದದ್ದು ದಿನದ ಕೆಲಸ. ಬೇರೆ ಕೆಲಸವಾದರೂ ಎಲ್ಲಿತ್ತು? ಹತ್ತಿಯ ವ್ಯಾಪಾರವನ್ನು ನಂಬಿ, 1862ರಲ್ಲಿ ಜಿಲ್ಲೆಯನ್ನೇ ಮುಂಬಯಿ ಪ್ರಾಂತಕ್ಕೆ ಸೇರಿಸಿ ಬೆಳೆಸಹೊರಟ ಕಾರವಾರದ ಬಂದರು, ಗೋವೆಯ ಮುರಗಾಂವಿಗೆ ರೈಲು ಬಂದ ಮೇಲೆ ಸೊರಗಿತ್ತು.

ಊರು ಕೈಗೊಂಡ ಮೊದಲ ರಕ್ಷಣೆ ಬಹಿಷ್ಕಾರ. ಹರಾಜಿನ ನೆಲವನ್ನು ಕೊಳ್ಳುವವರೇ ಇರಬಾರದೆಂಬುದು ಅದರ ಗುರಿ; ಕೊಂಡವರ ಮನೆಯೆದುರು ಸಿದ್ದಾಪುರದ ಸ್ತ್ರೀಯರು ಉಪವಾಸ ಕುಳಿತರು. ಇದನ್ನು ಪ್ರತಿಭಟನೆಯೆಂದಷ್ಟೇ ಓದುವುದು ಸಾಲದು, ನಾಳೆಯ ದುಡಿಮೆಯನ್ನು ಕಾದಿರಿಸುವ ಉಪಾಯವೂ ಅದಾಗಿತ್ತು. ಮುಂಬಯಿಯ ಕಾಂಗ್ರೆಸ್ ಸರಕಾರ 1938ರಲ್ಲಿ ಕಾನೂನು ಮಾಡಿ ಜಪ್ತಿಯಾದ ಭೂಮಿಯನ್ನು ಮರಳಿಸಿತು. ಭೂಮಿ ಮರಳಿತು, ಆ ವರ್ಷಗಳ ಕೂಲಿ ಮರಳಲಿಲ್ಲ.

ಈ ಅಂತರವನ್ನು ಕಂಡವರಲ್ಲಿ ಅಂಕೋಲಾ ತಾಲೂಕಿನವರೇ ಆದ ದಿನಕರ ದೇಸಾಯಿ ಮುಖ್ಯರು. ಸಾಹಿತ್ಯದ ವಿದ್ಯಾರ್ಥಿಗಳು ಅವರನ್ನು ಚುಟುಕಗಳಿಂದ ಮಾತ್ರ ಬಲ್ಲರು. ಇದು ನಮ್ಮ ಪಠ್ಯಕ್ರಮದ ದೋಷವೆಂದೇ ನನ್ನ ಅಭಿಪ್ರಾಯ. ಗೇಣಿದಾರರನ್ನು ಸಂಘಟಿಸಿದ ಕಾರಣಕ್ಕೆ 1940ರಲ್ಲಿ ಅವರಿಗೆ ಜಿಲ್ಲೆಯಿಂದ ಗಡಿಪಾರಾಯಿತು. ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾಗಿ ಹಡಗು ಕಾರ್ಮಿಕರ ನಡುವೆ ದುಡಿದರು, ಅವರ ಸ್ಥಿತಿಗತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಬರೆದರು.

1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಅಕ್ಕಿ ಹಂಚಲು ಹೊರಡಲಿಲ್ಲ, ಶಾಲೆ ತೆರೆಯಿತು. ಹಸಿದವರಿಗೆ ಪಾಠಶಾಲೆ ಯಾವ ನೆರವೆಂದು ಕೇಳುವವರು ಇದ್ದಾರು. ನೆಲವಿಲ್ಲದವನ ಮಗನಿಗೆ ನೆಲವನ್ನು ಬಿಟ್ಟು ಬೇರೊಂದು ಆಧಾರ ಬೇಕೆಂಬುದು ಆ ಕೆಲಸದ ಹಿಂದಿನ ಲೆಕ್ಕವೆಂದು ನನಗೆ ತೋರುತ್ತದೆ. 1966ರಲ್ಲಿ ಟ್ರಸ್ಟು ಅಂಕೋಲೆಯಲ್ಲಿ ಕಾಲೇಜನ್ನು ತೆರೆದಾಗ ಅದಕ್ಕೆ ಇಟ್ಟದ್ದು ಭಾರತ ಸೇವಕ ಸಮಾಜವನ್ನು ಕಟ್ಟಿದ ಗೋಖಲೆಯವರ ಹೆಸರು. ಅದು ಅವರ ಜನ್ಮಶತಾಬ್ದಿಯ ವರ್ಷ.